ಚೈತ್ರಾಳ ಮೂರು ಅರ್ಜಿಗಳು

ಸಿಂಚನಾ, ಕೆಲಸಕ್ಕೆ ಸೇರಿದ ಮೊದಲ ವಾರ ನೀನು ಫೋನಿನಲ್ಲಿ, "ಅಜ್ಜಿ, ನಾನೂ ನಿನ್ ಥರಾನೇ ಕೆಲಸ ಕೇಳ್ಕೊಂಡು ಬರೋರ ಅರ್ಜಿ ನೋಡ್ತೀನಿ, ಏನಾದ್ರೂ ಹೇಳ್ಕೊಡು" ಎಂದೆ. ನಾನು "ಊಟ ಆಯ್ತಾ" ಎಂದು ಕೇಳಿ ಫೋನ್ ಇಟ್ಟುಬಿಟ್ಟೆ. ನನಗೆ ಮಾತು ಬರುವುದಿಲ್ಲವೆಂದು ನಿಮಗೆಲ್ಲ ಗೊತ್ತು. ಬರೆಯುವುದಾದರೆ ನಿಧಾನವಾಗಿ ಬರೆಯಬಲ್ಲೆ. ನಿನ್ನ ತಮ್ಮನೂ ಓದಲಿ. ನಾಳೆ ಅವನೂ ಯಾವುದೋ ಗೇಟಿನ ಮುಂದೆ ಕಾಗದ ಹಿಡಿದು ನಿಲ್ಲುವವನೇ.

ನಾನು ಓದಿದ್ದು ಊರಿನ ಶಾಲೆಯಲ್ಲಿ, ಹತ್ತನೆಯ ತರಗತಿಯವರೆಗೆ. ನಿಮ್ಮ ತಾತ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ ಮಾಡುತ್ತಿದ್ದರು. ಅವರು ತೀರಿಕೊಂಡಾಗ ನಿಮ್ಮಮ್ಮನಿಗೆ ಆರು ವರ್ಷ. ತಿಂಗಳು ಕಳೆಯುವಷ್ಟರಲ್ಲಿ ಬಾಶೆಟ್ಟಿಹಳ್ಳಿ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಆಗಿ ಸೇರಿದೆ. ಹೊಲಿದು ಬಂದ ಅಂಗಿಗಳಲ್ಲಿ ಉಳಿದ ದಾರ ಕತ್ತರಿಸುವುದು ಹೆಲ್ಪರ್ ಕೆಲಸ. ಆಮೇಲೆ ಮಿಷನ್ ಕಲಿತು ಟೈಲರ್ ಆದೆ. ಕೊನೆಗೆ, ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ, ಕೆಲಸಕ್ಕೆ ಜನ ತೆಗೆದುಕೊಳ್ಳುವ ವಿಭಾಗದವರು ನನ್ನನ್ನು ಗೇಟಿನ ಪಕ್ಕದ ಮೇಜಿಗೆ ತಂದು ಕೂರಿಸಿದರು. ನಿವೃತ್ತಿಯಾಗುವವರೆಗೂ ಅಲ್ಲೇ ಕೂತಿದ್ದೆ.

ಸೋಮವಾರ ಹೊಸಬರನ್ನು ನೋಡುವ ದಿನ. ಎಂಟೂವರೆಗೆಲ್ಲ ಗೇಟಿನ ಹೊರಗೆ ಹೆಂಗಸರು ಪ್ಲಾಸ್ಟಿಕ್ ಕವರಿನಲ್ಲಿ ಜೆರಾಕ್ಸ್ ಪ್ರತಿಗಳನ್ನು ಇಟ್ಟುಕೊಂಡು ನಿಂತಿರುತ್ತಿದ್ದರು. ನಮ್ಮ ಮ್ಯಾನೇಜರ್ ನಂಜುಂಡಪ್ಪನವರದು ಒಂದು ಕಟ್ಟಳೆ: "ಮೊದ್ಲು ಕೈ ನೋಡಿ, ಆಮೇಲೆ ಕಾಗದ ನೋಡಿ." ಅದಕ್ಕಾಗಿಯೇ ವರಾಂಡದಲ್ಲಿ ಎರಡು ಮಿಷನ್ ಹಾಕಿಸಿದ್ದರು. ಟೈಲರ್ ಎಂದು ಬಂದವರಿಗೆ ಒಂದು ಕಾಲರ್ ಹೊಲಿಯಲು ಕೊಡಬೇಕು. ಹೆಲ್ಪರ್ ಎಂದು ಬಂದವರಿಗೆ ಒಂದು ಅಂಗಿ, ಒಂದು ಪುಟ್ಟ ಕತ್ತರಿ ಕೊಡಬೇಕು. ಮುಖ ನೋಡಿ ಮಾತಾಡಲು ನನಗೆ ನಾಚಿಕೆ. ಹಾಗಾಗಿ ಕೈಗಳನ್ನೇ ನೋಡುತ್ತಿದ್ದೆ. ನೋಡುತ್ತ ನೋಡುತ್ತ, ಐದು ವರ್ಷ ಹೊಲಿದಿದ್ದೇನೆ ಎಂದು ಸುಳ್ಳು ಹೇಳುವವರು ಮಿಷನ್ನಿಗೆ ದಾರ ಪೋಣಿಸುವಾಗಲೇ ಗೊತ್ತಾಗಿಬಿಡುತ್ತಿದ್ದರು. ಬೇರೆ ಫ್ಯಾಕ್ಟರಿಯಲ್ಲಿ ಜಗಳ ಮಾಡಿಕೊಂಡು ಬಂದು, ನಾನು ಹೊಸಬಳು ಎನ್ನುವವರೂ ಅಷ್ಟೆ. "ರತ್ನಕ್ಕನ ಹತ್ರ ನಡೆಯಲ್ಲ" ಎಂಬ ಮಾತು ಗೇಟಿನ ಹೊರಗೆ ಹರಡಿತ್ತು. ಅದು ಕೇಳಿ ನನಗೆ ಒಳಗೊಳಗೇ ಹೆಮ್ಮೆ. ಆ ಹೆಮ್ಮೆಯೇ ಮುಂದೆ ಕಣ್ಣು ಕಟ್ಟಿತು.

ಹೆಸರಿನ ವಿಷಯದಲ್ಲೂ ನಾನು ಬಿಗಿ. ಅದಕ್ಕೆ ಕಾರಣವಿತ್ತು. ಮೇಜಿಗೆ ಬಂದ ಹೊಸದರಲ್ಲಿ ಒಬ್ಬ ಹುಡುಗಿ ಹೇಳಿದ ಮನೆಯ ಹೆಸರನ್ನೇ ಇಎಸ್‌ಐ ಫಾರಂಗೆ ಬರೆದುಬಿಟ್ಟೆ. ರೇಷನ್ ಕಾರ್ಡಿನಲ್ಲಿ ಬೇರೆ ಇತ್ತು. ಅವಳು ಹೆರಿಗೆ ನೋವು ತಿನ್ನುತ್ತ ಆಸ್ಪತ್ರೆಗೆ ಹೋದಾಗ ಈ ಕಾರ್ಡು ಆ ಹೆಸರು ಸೇರದೆ, ಅವಳ ಗಂಡ ಆಟೋ ಹತ್ತಿ ನನ್ನ ಮೇಜಿಗೆ ಓಡಿಬಂದ. ಮಗು ಕ್ಷೇಮವಾಗಿ ಹುಟ್ಟಿತು. ಆದರೆ ನಂಜುಂಡಪ್ಪನವರು ಎಲ್ಲರ ಮುಂದೆ, "ಕಾಗದದಲ್ಲಿ ಇರೋದೇ ಹೆಸ್ರು ರತ್ನಮ್ಮ. ಬಾಯಲ್ಲಿ ಇರೋದೆಲ್ಲ ಹೆಸ್ರಲ್ಲ" ಎಂದರು. ಅಂದಿನಿಂದ ಆ ಮಾತನ್ನು ಗಂಟು ಹಾಕಿಕೊಂಡೆ.

ಕೆಲಸದ ರೀತಿ ಎಷ್ಟೋ ಸಲ ಬದಲಾಯಿತು. ಹಾಜರಿ ಪುಸ್ತಕ ಹೋಗಿ ಪಂಚಿಂಗ್ ಕಾರ್ಡ್ ಬಂತು. ಅದು ಹೋಗಿ ಹೆಬ್ಬೆಟ್ಟಿನ ಯಂತ್ರ ಬಂತು. ಪಾತ್ರೆ ತಿಕ್ಕಿ ತಿಕ್ಕಿ ಸವೆದ ಬೆರಳುಗಳನ್ನು ಅದು ಗುರುತಿಸುತ್ತಿರಲಿಲ್ಲ. ಹೆಂಗಸರು ಹೆಬ್ಬೆರಳನ್ನು ಎಣ್ಣೆ ಹಚ್ಚಿದ ತಲೆಗೆ ಉಜ್ಜಿ ಉಜ್ಜಿ ಒತ್ತುತ್ತಿದ್ದರು. ಆಮೇಲೆ ಮುಖ ನೋಡುವ ಯಂತ್ರ ಬಂತು. ಇವೆಲ್ಲ ಬಂದರೂ ಗೇಟಿನ ಹೊರಗೆ ನಿಂತವರ ಮುಖದ ಆತಂಕ ಬದಲಾಗಲಿಲ್ಲ.

ಈಗ ಚೈತ್ರಾಳ ವಿಷಯಕ್ಕೆ ಬರುತ್ತೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವಳ ಹಳೆಯ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬೇಡವೆಂದಿದ್ದಾಳೆ.

ನಾನು ನಿವೃತ್ತಿಯಾಗುವುದಕ್ಕೆ ಇನ್ನೇನು ಎರಡು ವರ್ಷ ಇದ್ದಾಗಿನ ಮಾತು. ಒಂದು ಸೋಮವಾರ, ಚೂಡಿದಾರ್ ಹಾಕಿಕೊಂಡು, ತಲೆಯ ಮೇಲೆ ವೇಲು ಹೊದ್ದು, ಮುಖಕ್ಕೆ ಮಾಸ್ಕ್ ಕಟ್ಟಿದ ಒಬ್ಬಳು ಮೇಜಿನ ಮುಂದೆ ನಿಂತಳು. ಎತ್ತರದ ಹೆಂಗಸು. ಇಪ್ಪತ್ತೆಂಟು ಮೂವತ್ತು ಇರಬಹುದು. ಹೆಸರು ಚೈತ್ರಾ, ಘಾಟಿ ದೇವಸ್ಥಾನದ ದಾರಿಯ ಒಂದು ಹಳ್ಳಿ ಎಂದಳು.

"ಆಧಾರ್ ಎಲ್ಲಮ್ಮ?"

"ಮರ್ತು ಬಂದ್ಬಿಟ್ಟೆ ಅಕ್ಕ. ನಾಳೆ ತಂದ್ಕೊಡ್ತೀನಿ. ಹೆಲ್ಪರ್‌ಗೆ ಹಾಕ್ಕೊಳ್ಳಿ. ಹೊಲಿಗೆ ಬರಲ್ಲ."

ಅಂಗಿ, ಕತ್ತರಿ ಕೊಟ್ಟೆ. ದಾರಗಳನ್ನು ಚೆನ್ನಾಗಿಯೇ ಕತ್ತರಿಸಿದಳು. ಮುಗಿಸಿ ಕೊಡುವ ಮೊದಲು, ತನಗೇ ಗೊತ್ತಿಲ್ಲದಂತೆ, ಕಾಲರನ್ನು ನಡುವೆ ಮಡಿಸಿ ಎರಡೂ ತುದಿ ಸಮ ಇವೆಯೇ ಎಂದು ನೋಡಿದಳು. ಹೆಲ್ಪರ್ ಹಾಗೆ ಮಾಡುವುದಿಲ್ಲ. ವರ್ಷಗಟ್ಟಲೆ ಕಾಲರ್ ಕೂರಿಸಿದವರು ಮಾತ್ರ ಮಾಡುತ್ತಾರೆ.

"ಎಷ್ಟು ವರ್ಷ ಕಾಲರ್ ಮಾಡಿದ್ದೀಯ?" ಎಂದೆ.

ಅವಳ ಕೈ ನಿಂತಿತು. "ಇಲ್ಲ ಅಕ್ಕ, ನಂಗೆ ಬರಲ್ಲ."

"ಬರಲ್ಲ ಅನ್ನೋಳು ತುದಿ ಯಾಕ್ ನೋಡ್ದೆ? ಎಲ್ಲಿಂದ ಬಿಟ್ಟು ಬಂದೆ? ಯಾಕ್ ಬಚ್ಚಿಡ್ತೀಯ?"

ಗೇಟಿನಲ್ಲಿ ಬ್ಯಾಗು ತಪಾಸಣೆ ಮಾಡುವ ಮಂಜಮ್ಮ ಅಲ್ಲಿಂದಲೇ ಕೂಗಿದಳು: "ರತ್ನಕ್ಕನ ಹತ್ರ ಸುಳ್ಳು ನಡೆಯಲ್ಲಮ್ಮೋ, ಹೇಳ್ಬಿಡು!" ಸಾಲಿನಲ್ಲಿದ್ದವರು ನಕ್ಕರು. ಚೈತ್ರಾ ಅಂಗಿಯನ್ನು ನೀಟಾಗಿ ಮಡಿಸಿ ಮೇಜಿನ ಮೇಲಿಟ್ಟು, ಬ್ಯಾಗು ಎತ್ತಿಕೊಂಡು ಹೊರಟುಹೋದಳು. ನಾನು ಅರ್ಜಿಯ ಮೇಲೆ "ಅನುಭವ ಮುಚ್ಚಿಡುತ್ತಾಳೆ, ಬೇಡ" ಎಂದು ಬರೆದು ಪಕ್ಕಕ್ಕಿಟ್ಟೆ. ಆವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಮಂಜಮ್ಮನಿಗೆ ಆ ಕಾಲರಿನ ಕಥೆಯನ್ನು ಎರಡು ಸಲ ಹೇಳಿದೆ. ನಾನು ಹೇಳುವುದೇ ಕಡಿಮೆ. ಅಂಥವಳು ಎರಡು ಸಲ ಹೇಳಿದೆನೆಂದರೆ ಎಷ್ಟು ಬೀಗಿದ್ದೆ ಎಂದು ನೀವೇ ನೋಡಿ.

ನಾಲ್ಕು ತಿಂಗಳಾದ ಮೇಲೆ ಅವಳು ಮತ್ತೆ ಬಂದಳು. ಈ ಸಲ ಸಾಲೆಲ್ಲ ಕರಗುವವರೆಗೂ ಬೇವಿನ ಮರದ ಕೆಳಗೆ ಕಾದಿದ್ದು, ಕೊನೆಯವಳಾಗಿ ಬಂದು ಕವರಿನಿಂದ ಕಾಗದಗಳನ್ನು ತೆಗೆದು ಒಂದೊಂದಾಗಿ ಮೇಜಿನ ಮೇಲೆ ಹರಡಿದಳು.

"ಬಚ್ಚಿಡ್ಬೇಡ ಅಂದ್ರಲ್ಲ ಅಕ್ಕ. ತಗೊಳ್ಳಿ, ಎಲ್ಲ ತಂದಿದ್ದೀನಿ."

ಆಧಾರ್‌ನಲ್ಲಿ ಒಬ್ಬ ಮೀಸೆ ಬಿಟ್ಟ ಹುಡುಗನ ಫೋಟೋ ಇತ್ತು. ಗಂಡಸಿನ ಹೆಸರಿತ್ತು.

"ಇದು ನಿನ್ ತಮ್ಮಂದು ಕಣಮ್ಮ," ಎಂದೆ. "ಮನೇಲಿ ಅದ್ಲುಬದ್ಲಾಗಿದೆ."

"ನಂಗೆ ತಮ್ಮ ಇಲ್ಲ. ನಮ್ಮಮ್ಮಂಗೆ ನಾನೊಬ್ಳೇ. ಅದು ನಂದೇ."

ಮಾಸ್ಕ್ ತೆಗೆದಳು. ನಾನು ಕಾಗದ ನೋಡಿದೆ, ಅವಳನ್ನು ನೋಡಿದೆ. ಕಣ್ಣು, ಹುಬ್ಬು ಎಲ್ಲ ಅವೇ. ಟ್ರಾನ್ಸ್‌ಜೆಂಡರ್ ಎಂಬ ಮಾತನ್ನು ಪೇಪರಿನಲ್ಲಿ ಓದಿದ್ದೆ. ಅಂಥವರು ಅಂಗಡಿ ಮುಂದೆ ಚಪ್ಪಾಳೆ ತಟ್ಟಿಕೊಂಡು ಬರುತ್ತಾರೆ ಎಂಬಷ್ಟೇ ನನ್ನ ತಿಳಿವಳಿಕೆ. ಅವರಲ್ಲೊಬ್ಬಳು ಎಂಟು ವರ್ಷ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿದ ಅನುಭವ ಪತ್ರ ಹಿಡಿದು ನನ್ನ ಮುಂದೆ ನಿಲ್ಲಬಹುದು ಎಂದು ತಲೆಗೆ ಹೊಳೆದೇ ಇರಲಿಲ್ಲ.

"ಇಷ್ಟು ಅನುಭವ ಇಟ್ಕೊಂಡು ಹೆಲ್ಪರ್ ಅಂತ ಯಾಕ್ ಬಂದೆ?"

"ಟೈಲರ್ ಅಂತ ನಾಲ್ಕೈದು ಕಡೆ ಹೋಗಿದ್ದೆ ಅಕ್ಕ. ಒಂದ್ಕಡೆ ಕಾಗದ ನೋಡಿ ಫೋನ್ ಮಾಡ್ತೀವಿ ಅಂದ್ರು. ಒಂದ್ಕಡೆ ಗಂಡಸ್ರ ಸಾಲಲ್ಲಿ ನಿಂತ್ಕೋ ಅಂದ್ರು. ಆ ಸಾಲಿನೋರು ನೀನ್ಯಾಕೆ ಇಲ್ಲಿ ಬಂದೆ, ಆ ಕಡೆ ಹೋಗು ಅಂದ್ರು. ಇನ್ನೊಂದ್ಕಡೆ ಹಳೇ ಕಂಪನಿಗೆ ಫೋನ್ ಮಾಡಿ, ಚೈತ್ರಾ ಅನ್ನೋರು ಕೆಲಸ ಮಾಡಿದ್ರಾ ಅಂತ ಕೇಳಿದ್ರು. ಅಂಥೋರು ಯಾರೂ ಇರ್ಲಿಲ್ಲ ಅಂದ್ರಂತೆ. ಸುಳ್ಳು ಲೆಟ್ರು ಅಂತ ಕಳಿಸ್ಬಿಟ್ರು. ಹೆಲ್ಪರ್ ಆದ್ರೆ ಹಳೇದು ಯಾರೂ ಕೇಳಲ್ವಲ್ಲ, ಅದಕ್ಕೆ."

"ಕಾಗದದಲ್ಲಿ ಹೆಸ್ರು ಬದ್ಲಾಯಿಸೋಕೆ ಆಗಲ್ವಾ?"

"ಅರ್ಜಿ ಹಾಕಿದ್ದೀನಿ. ಡಿಸಿ ಆಫೀಸಿಂದ ಗುರುತಿನ ಪತ್ರ ಬರ್ಬೇಕು. ಅದು ಬಂದ್ಮೇಲೆ ಆಧಾರ್, ಆಮೇಲೆ ಬ್ಯಾಂಕು, ಪಿಎಫ್ಫು, ಎಲ್ಲ. ಬರುತ್ತೆ ಅಕ್ಕ. ಅಲ್ಲೀತನಕ ಹೊಟ್ಟೆ ಸುಮ್ನಿರಲ್ವಲ್ಲ."

ನಾನು ಮಿಷನ್ ಕಡೆ ಕೈ ತೋರಿಸಿದೆ. ಕೂತು ಕಾಲರ್ ಹೊಲಿದಳು. ನಾನು ನೋಡಿದ ಒಳ್ಳೆಯ ಕಾಲರ್‌ಗಳಲ್ಲಿ ಅದೊಂದು. ತುದಿಗಳು ಸೂಜಿಯಂತೆ ನಿಂತಿದ್ದವು.

ಕಾಗದಗಳನ್ನು ಮೇಜಿನಲ್ಲೇ ಬಿಟ್ಟು, ಕಾಲರ್ ಒಂದನ್ನೇ ನಂಜುಂಡಪ್ಪನವರ ಕೋಣೆಗೆ ತೆಗೆದುಕೊಂಡು ಹೋದೆ. ಮೊದಲು ಕೈ, ಆಮೇಲೆ ಕಾಗದ, ಅವರದೇ ಕಟ್ಟಳೆ. ಅವರು ಕಾಲರನ್ನು ಬೆಳಕಿಗೆ ಹಿಡಿದು, "ಯಾರ್ರೀ ಇದು? ಬಿಡ್ಬೇಡಿ, ಇವತ್ತೇ ಹಾಕ್ಕೊಳ್ಳಿ" ಎಂದರು. ಆಮೇಲೆ ಆಧಾರ್ ತಂದು ತೋರಿಸಿದೆ. ಅವರು ಆ ಫೋಟೋವನ್ನೂ ಕಾಲರನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಬಾತ್‌ರೂಮ್ ಯಾವ್ದು ಕೊಡ್ತೀರಿ? ಸಂಜೆ ಹೊರಗೆ ಹೋಗುವಾಗ ಮೈ ತಪಾಸಣೆ ಯಾರ್ ಮಾಡ್ತಾರೆ? ಹೆಂಗಸ್ರು ಗಲಾಟೆ ಮಾಡಿದ್ರೆ?"

ಮಂಜಮ್ಮನನ್ನು ಕರೆಸಿದರು. ಅವಳು ಕೇಳಿಸಿಕೊಂಡು, "ಅಯ್ಯೋ ಸಾರ್, ನಾನ್ ಏನ್ ಹುಡ್ಕೋದು, ಜಾತಕಾನಾ? ಬಟ್ಟೆ ಪೀಸ್ ತಗೊಂಡ್ ಹೋಗ್ತಾರಾ ಅಂತ ನೋಡೋದು. ನಮ್ ಸಾಲಲ್ಲೇ ಬರ್ಲಿ ಬಿಡಿ" ಎಂದಳು. ನಂಜುಂಡಪ್ಪನವರಿಗೆ ನಗು ಬಂತು. ಆದರೂ ಪೂರ್ತಿ ಒಪ್ಪಲಿಲ್ಲ. ಅನುಭವ ಪತ್ರ ಬೇರೆ ಹೆಸರಿನಲ್ಲಿದೆ, ಆದ್ದರಿಂದ ಟೈಲರ್ ಗ್ರೇಡ್ ಇಲ್ಲ, ಹೆಲ್ಪರ್ ಆಗಿ ಸೇರಲಿ. ಕಾರ್ಡು, ದಾಖಲೆ ಎಲ್ಲ ಆಧಾರ್‌ನಲ್ಲಿರುವ ಹೆಸರಿನಲ್ಲೇ ಇರಲಿ ಎಂದರು. ಹೊರಗೆ ಬಂದು ಚೈತ್ರಾಳಿಗೆ ಹೇಳಿದೆ. ಅವಳು ಕಾಗದಗಳನ್ನು ಕವರಿಗೆ ತುಂಬುತ್ತ, "ಆಯ್ತು ಅಕ್ಕ. ಒಂದೇ ಒಂದು. ಎಲ್ರ ಮುಂದೆ ಕರೆಯೋವಾಗ ಚೈತ್ರಾ ಅನ್ನಿ, ಸಾಕು" ಎಂದಳು. "ಅನ್ನಲ್ವಾ ಮತ್ತೆ" ಎಂದೆ.

ಹೊಸಬರನ್ನು ಸೇರಿಸಿಕೊಳ್ಳುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಗುರುವಾರ ಬೆಳಿಗ್ಗೆ ಮಿಷನ್ ಶುರುವಾಗುವ ಮುಂಚೆ ಅವರನ್ನು ಫ್ಲೋರಿನಲ್ಲಿ ಸಾಲಾಗಿ ನಿಲ್ಲಿಸಿ, ಮೈಕಿನಲ್ಲಿ ಹೆಸರು ಕೂಗುವುದು. ಕರೆದವರು ಮುಂದೆ ಬಂದು ಸಹಿ ಹಾಕಿ ಕತ್ತರಿ ತೆಗೆದುಕೊಳ್ಳಬೇಕು. ಕತ್ತರಿ, ಸೂಜಿ ಎಲ್ಲದಕ್ಕೂ ಸಹಿ ಬೇಕು. ಮೈಕು ಹಿಡಿಯುವುದು ನನ್ನ ಕೆಲಸ. ಹದಿನಾರು ವರ್ಷ ಹಿಡಿದರೂ ಆರುನೂರು ಜನರ ಮುಂದೆ ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಪಟ್ಟಿ ನೋಡುತ್ತ ಒಂದೇ ಉಸಿರಿಗೆ ಓದಿ ಮುಗಿಸುತ್ತಿದ್ದೆ.

ಆ ಗುರುವಾರವೂ ಹಾಗೇ ಓದಿದೆ. ಪಟ್ಟಿಯಲ್ಲಿ ಆಧಾರ್‌ನ ಹೆಸರಿತ್ತು. ಅದನ್ನೇ ಕೂಗಿದೆ.

ಯಾರೂ ಮುಂದೆ ಬರಲಿಲ್ಲ. ತಲೆ ಎತ್ತದೆ ಇನ್ನೊಂದು ಸಲ ಕೂಗಿದೆ. ಹಿಂದಿನಿಂದ ಮೆಕ್ಯಾನಿಕ್ ಒಬ್ಬ, "ಯಾವನ್ಲಾ ಅವ್ನು, ನಿದ್ದೆ ಮಾಡ್ತಾ ಇದ್ದೀಯೇನ್ಲಾ? ಮುಂದಕ್ಕೆ ಬಾರ್ಲಾ!" ಎಂದ. ಎಲ್ಲರೂ ಸಾಲಿನಲ್ಲಿ ಗಂಡಸನ್ನು ಹುಡುಕತೊಡಗಿದರು. ಸಾಲಿನಲ್ಲಿ ಇದ್ದದ್ದು ಹೆಂಗಸರು ಮಾತ್ರ. ಆಗ ತಲೆ ಎತ್ತಿದೆ. ಚೈತ್ರಾ ನನ್ನನ್ನೇ ನೋಡುತ್ತಿದ್ದಳು. ಮೂರನೆಯ ಸಾಲಿನಲ್ಲಿ ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ನಗು ಅಲ್ಲಿಂದ ಹೊರಟು ಫ್ಲೋರೆಲ್ಲ ಹಬ್ಬಿತು. ಚೈತ್ರಾ ಸಾಲು ಬಿಟ್ಟು, ಮಿಷನ್‌ಗಳ ನಡುವಿನ ದಾರಿಯಲ್ಲಿ ನಡೆದು, ಗೇಟು ದಾಟಿ ಹೋದಳು. ಓಡಲಿಲ್ಲ. ನಾನು ಪಟ್ಟಿಯಲ್ಲಿದ್ದ ಮುಂದಿನ ಹೆಸರನ್ನು ಓದಿದೆ. ಅದನ್ನೂ ಬರೆಯಬೇಕು: ಮುಂದಿನ ಹೆಸರನ್ನು ಓದಿದೆ.

ಮೂರು ದಿನ ನನ್ನ ಮನಸ್ಸು ಒಂದೆಡೆ ನಿಲ್ಲಲಿಲ್ಲ. ಅರ್ಜಿಯಲ್ಲಿ ವಿಳಾಸವಿತ್ತು. ಭಾನುವಾರ ಘಾಟಿ ಬಸ್ಸು ಹತ್ತಿದೆ. ಕೆಲಸ ಕೇಳಿ ಬಂದವರ ಮನೆಗೆ ನಾನು ಹೋದದ್ದು ಅದೊಂದೇ ಸಲ. ಅವಳ ತಾಯಿ ದೇವಸ್ಥಾನದ ದಾರಿಯ ಹಣ್ಣುಕಾಯಿ ಅಂಗಡಿಯಲ್ಲಿ ಕೂಲಿಗೆ ಕೂತಿದ್ದರು. ಚೈತ್ರಾ ಪಕ್ಕದಲ್ಲಿ ತೆಂಗಿನಕಾಯಿ ನಾರು ಸುಲಿಯುತ್ತಿದ್ದಳು. ನನ್ನನ್ನು ನೋಡಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಬಾಯಿ ತಪ್ಪಿತು ಕಣಮ್ಮ," ಎಂದೆ.

"ಬಾಯಲ್ಲ ಅಕ್ಕ, ಕಣ್ಣು. ಪಟ್ಟಿ ಬಿಟ್ಟು ಮೇಲೆ ನೋಡಿದ್ರೆ ನಾನ್ ಕಾಣ್ತಿದ್ದೆ."

ತಾಯಿ ನಡುವೆ ಬಂದು, "ಅವ್ರು ದೊಡ್ಡೋರು, ಹಂಗೆಲ್ಲ ಅನ್ಬಾರ್ದು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಂಗೂ ಒಂದೊಂದ್ ಸಲ ಹಳೇದೇ ಬಂದ್ಬಿಡುತ್ತೆ ಕಣವ್ವ. ಅವ್ಳು ಬೈತಾಳೆ. ರೇಷನ್ ಕಾರ್ಡಲ್ಲಿ ನನ್ ಹೆಸ್ರು ಮುನಿವೆಂಕಟಮ್ಮ, ಊರೆಲ್ಲ ಕೆಂಪಕ್ಕ ಅಂತಾರೆ. ನಂಗ್ಯಾರೂ ಎಲ್ಲಿ ಕಾಗದ ಅನ್ನಲಿಲ್ಲ. ಇವ್ಳಿಗೆ ಮಾತ್ರ ಅಂತಾರಲ್ಲ" ಎಂದರು.

"ಗುರುವಾರ ಮತ್ತೆ ಬಾ," ಎಂದೆ ಚೈತ್ರಾಳಿಗೆ. "ಮೈಕಲ್ಲೇ ಎಲ್ರ ಮುಂದೆ ತಪ್ಪಾಯ್ತು ಅಂತೀನಿ." ನಾನು ಅಷ್ಟು ಹೇಳಬೇಕಾದರೆ ಎಷ್ಟು ಧೈರ್ಯ ತಂದುಕೊಂಡಿದ್ದೆನೋ ನನಗೇ ಗೊತ್ತು.

ಅವಳು ಮೊದಲ ಸಲ ನಕ್ಕಳು. "ಅಯ್ಯೋ ಬೇಡ ಅಕ್ಕ! ಮತ್ತೆ ಆರ್‌ನೂರು ಜನ ನನ್ನೇ ನೋಡ್ಬೇಕಾ? ನೀವು ತಪ್ಪಾಯ್ತು ಅಂದ್ರೆ ನಿಮ್ಗೆ ಹಗುರ ಆಗುತ್ತೆ. ನಂಗೆ ಬೇಕಿರೋದು ಎರಡೇ. ಕಾರ್ಡಲ್ಲಿ ನನ್ ಹೆಸ್ರು. ಟೈಲರ್ ಗ್ರೇಡು. ಎಂಟು ವರ್ಷ ಹೊಲ್ದಿರೋದು ಈ ಕೈನೇ ತಾನೆ? ಅವೆರಡೂ ಆಗೋದಾದ್ರೆ ಬರ್ತೀನಿ. ಆಗದಿದ್ರೆ ಕಾಯಿ ಸುಲೀತೀನಿ."

ವಾಪಸ್ ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ಕೆಂಪಕ್ಕನ ಮಾತನ್ನು ಯೋಚಿಸಿದೆ. ನಮ್ಮ ಫ್ಲೋರಿನಲ್ಲಿ ಕಾಗದದ ಹೆಸರಿನಿಂದ ಕರೆಸಿಕೊಳ್ಳುವವರು ಅರ್ಧ ಜನವೂ ಇಲ್ಲ. ದಾಖಲೆಯ ಚಿಕ್ಕಮುನಿಯಮ್ಮ ಲೈನಿನಲ್ಲಿ ಮಂಜುಳಾ. ದಾಖಲೆಯ ಗಂಗಹನುಮಕ್ಕ ಎಲ್ಲರಿಗೂ ಆಶಾ. ಯಾಕೆ, ನನ್ನದೇ ಏನು? ನಿಮಗೆ ಗೊತ್ತೋ ಇಲ್ಲವೋ, ನನ್ನ ಅಪ್ಪ ಇಟ್ಟ ಹೆಸರು ಹನುಮಕ್ಕ. ಆಧಾರ್‌ನಲ್ಲಿ ಇಂದಿಗೂ ಅದೇ ಇದೆ. ಮದುವೆಯಾಗಿ ಬಂದ ದಿನ ಅತ್ತೆಮನೆಯವರು, ಮನೆಯಲ್ಲಿ ಆಗಲೇ ಒಬ್ಬ ಹನುಮಕ್ಕ ಇದ್ದಾಳೆಂದು, ಅಕ್ಕಿಯಲ್ಲಿ ಬರೆಸಿ ರತ್ನ ಎಂದು ಕರೆದರು. ನನ್ನನ್ನು ಯಾರೂ ಕೇಳಲಿಲ್ಲ. ಅಂದಿನಿಂದ ನಾನು ರತ್ನಮ್ಮ. ನನ್ನ ಮೇಜಿನ ಕಾಗದಗಳಿಗೂ ರತ್ನ ಎಂದೇ ಸಹಿ ಹಾಕುತ್ತಿದ್ದೆ. ಅತ್ತೆ ಇಟ್ಟ ಹೆಸರು ನಡೆಯುತ್ತದೆ. ತಾನೇ ಇಟ್ಟುಕೊಂಡ ಹೆಸರಿಗೆ ಮಾತ್ರ ಗೇಟಿನಲ್ಲಿ ತಡೆ. ಆ ತಡೆಯಲ್ಲಿ ಕೂತಿದ್ದವಳು ನಾನೇ.

ಸೋಮವಾರ ಬೆಳಿಗ್ಗೆ ಊಟದ ಕೋಣೆಯ ಫೋನಿನಿಂದ ಪೀಣ್ಯದ ಹಳೆಯ ಸೂಪರ್‌ವೈಸರ್‌ಗೆ ಮಾತಾಡಿದೆ. ಯಾವ ಹೆಸರು ಹೇಳಿ ಕೇಳಲಿ ಎಂದು ಹಿಂದಿನ ದಿನ ಹೊರಡುವಾಗಲೇ ಚೈತ್ರಾಳನ್ನು ಕೇಳಿದ್ದೆ. ಹಳೇದೇ ಹೇಳಿ, ಈಗ ಹೇಗಿದ್ದೀನಿ ಅಂತ ಮಾತ್ರ ಹೇಳ್ಬೇಡಿ ಎಂದಿದ್ದಳು. ಆ ಮನುಷ್ಯ ಹೆಸರು ಕೇಳಿದ ಕೂಡಲೇ, "ಅಂಥ ಕಾಲರ್ ಕೈ ನಮ್ಗೆ ಮತ್ತೆ ಸಿಕ್ಕಿಲ್ಲಮ್ಮ. ಚೆನ್ನಾಗಿರ್ಲಿ" ಎಂದರು. ಆಮೇಲೆ ಒಂದು ಹಾಳೆ ತೆಗೆದುಕೊಂಡು ಬರೆದೆ: ಈ ಅನುಭವ ಪತ್ರದಲ್ಲಿರುವವರೂ ಚೈತ್ರಾ ಎಂಬುವರೂ ಒಬ್ಬರೇ. ಅವರ ಕೈ ನಾನು ನೋಡಿದ್ದೇನೆ, ಹಳೆಯ ಕಡೆ ವಿಚಾರಿಸಿದ್ದೇನೆ. ಏನಾದರೂ ತಪ್ಪಾದರೆ ಹೊಣೆ ನನ್ನದು. ಕೆಳಗೆ ಸಹಿ ಹಾಕಿದೆ.

ನಂಜುಂಡಪ್ಪನವರು ಓದಿ, "ಇದ್ಯಾರ್ರೀ ಹನುಮಕ್ಕ?" ಎಂದರು.

"ನಾನೇ ಸಾರ್."

"ನೀವು ರತ್ನಮ್ಮ ಅಲ್ವಾ?"

"ಹೌದು ಸಾರ್. ಆಧಾರ್‌ನಲ್ಲಿ ಹನುಮಕ್ಕ. ಇಷ್ಟ್ ವರ್ಷ ನಾನೂ ಸುಳ್ಳು ಹೆಸ್ರಲ್ಲೇ ಇದ್ದೆ ಅಂತ ಬರ್ಕೊಳ್ಳಿ."

ಮೇಲಧಿಕಾರಿಗೆ ನಾನು ಎದುರು ಮಾತಾಡಿದ್ದು ಅಂದೇ ಮೊದಲು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಏನ್ ಮಾಡ್ಬೇಕು ಅಂತೀರಿ?" ಎಂದರು. ಅರ್ಜಿಯಲ್ಲಿ ಹೊಸ ಅಂಕಣ ಒಂದಿರಲಿ, ಕರೆಯುವ ಹೆಸರು ಎಂದು. ಕುತ್ತಿಗೆಗೆ ಹಾಕುವ ಕಾರ್ಡಿನಲ್ಲಿ, ಮೈಕಿನ ಪಟ್ಟಿಯಲ್ಲಿ ಅದೇ ಇರಲಿ. ಆಧಾರ್‌ನ ಹೆಸರು ಪಿಎಫ್, ಇಎಸ್‌ಐ ಫೈಲಿನ ಒಳಗೆ ಇರಲಿ, ಎಂದೆ. ಅವರು ಸ್ವಲ್ಪ ಯೋಚಿಸಿ, "ಒಬ್ರಿಗೆ ಮಾಡಿದ್ರೆ ಹತ್ತು 'ಯಾಕೆ' ಬರುತ್ತೆ. ಎಲ್ರಿಗೂ ಮಾಡ್ಬಿಡಿ" ಎಂದರು. ಗ್ರೇಡಿನ ಹಾಳೆಗೂ ಸಹಿ ಹಾಕಿದರು.

ಎಲ್ಲರಿಗೂ ಎಂದ ಮೇಲೆ ಆದ ತಮಾಷೆ ಒಂದೆರಡಲ್ಲ. ಆರುನೂರು ಜನ ನನ್ನ ಮೇಜಿನ ಮುಂದೆ ನಿಂತರು. ಐವತ್ತು ದಾಟಿದ ಒಬ್ಬಾಕೆ, "ನನ್ನ ಪ್ರಿಯಾಂಕ ಅಂತ ಬರೀರಿ" ಎಂದಳು. "ಯಾರಮ್ಮ ನಿನ್ನ ಹಂಗೆ ಕರೆಯೋರು?" ಎಂದರೆ, "ಕಾರ್ಡಲ್ಲಿ ಬರೀರಿ, ಆಮೇಲೆ ಕರೀತಾರೆ" ಎಂದಳು. ಗುರುವಾರ "ಬಾರ್ಲಾ" ಎಂದ ಮೆಕ್ಯಾನಿಕ್ಕೂ ಬಂದ. ಅವನ ದಾಖಲೆಯ ಹೆಸರು ದೊಡ್ಡಕೆಂಚಪ್ಪ. ಕಾರ್ತಿಕ್ ಎಂದು ಬರೆಸಿಕೊಂಡು ಹೋದ.

ಚೈತ್ರಾಳ ಮೂರನೆಯ ಅರ್ಜಿಯನ್ನು ನಾನೇ ತುಂಬಿದೆ. ಮುಂದಿನ ಗುರುವಾರ ಮೈಕಿನಲ್ಲಿ ಏಳು ಹೆಸರು ಕೂಗಿದೆ, ಅವಳದು ನಾಲ್ಕನೆಯದು. ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ತಲೆ ಎತ್ತಿ ನೋಡುತ್ತಲೇ ಕೂಗಿದೆ. ಅವಳು ಬಂದು ಸಹಿ ಹಾಕಿ ಕತ್ತರಿ ತೆಗೆದುಕೊಂಡಳು. ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತು ಎಂದುಕೊಳ್ಳಬೇಡಿ. ಬಾತ್‌ರೂಮಿನ ಹತ್ತಿರ ಗೊಣಗುವವರು ಗೊಣಗಿದರು. ಒಬ್ಬಳು ಲೈನು ಬದಲಾಯಿಸಿಕೊಡಿ ಎಂದು ಬಂದಳು, ಬದಲಾಯಿಸಿದೆವು. ಚೈತ್ರಾ ಕಾಲರ್ ಹೊಲಿಯುತ್ತ ಇದ್ದಳು. ವರ್ಷ ತುಂಬುವುದರೊಳಗೆ ಗುರುತಿನ ಪತ್ರ ಬಂತು, ಆಮೇಲೆ ಆಧಾರ್ ಬಂತು. ಫೈಲಿನ ಒಳಗಿನದನ್ನೂ ತಿದ್ದಿದೆವು.

ಸಿಂಚನಾ, ನೀನು ಕೂತಿರುವಲ್ಲಿ ಗೇಟೂ ಇಲ್ಲ, ಮೇಜೂ ಇಲ್ಲವಂತೆ. ಅರ್ಜಿಯೆಲ್ಲ ಕಂಪ್ಯೂಟರಿನಲ್ಲಿ ಬರುತ್ತದೆ, ಒಂದು ಕಾಗದದ ಹೆಸರು ಇನ್ನೊಂದಕ್ಕೆ ಸೇರದಿದ್ದರೆ ಅದೇ ಪಕ್ಕಕ್ಕೆ ಸರಿಸಿಬಿಡುತ್ತದೆ ಎಂದು ನೀನೇ ಹೇಳಿದೆ. ಹಾಗೆ ಸರಿಸಿದ್ದನ್ನು ವಾರಕ್ಕೊಂದು ಸಲ ತೆಗೆದು ನೋಡು. ಫೋನ್ ಮಾಡು. ನಿಮ್ಮನ್ನು ಏನೆಂದು ಕರೆಯಲಿ ಎಂದು ಮೊದಲು ಕೇಳು, ಆಮೇಲೆ ಉಳಿದದ್ದು. ಯಾರಾದರೂ ಏನಾದರೂ ಬಚ್ಚಿಡುತ್ತಿದ್ದಾರೆ ಎನ್ನಿಸಿದರೆ, ಕಂಡುಹಿಡಿದೆ ಎಂದು ಹಿಗ್ಗಬೇಡ. ಯಾಕೆ ಬಚ್ಚಿಡಬೇಕಾಯಿತು ಎಂದು ಕೇಳು. ಇದನ್ನು ಉಪದೇಶಕ್ಕೆ ಹೇಳುತ್ತಿಲ್ಲ. ನನ್ನ ಕೆಲಸದ ಕೊನೆಯ ವಾರದಲ್ಲಿ ನಡೆದದ್ದು ಹೇಳುತ್ತೇನೆ, ಓದಿ ನೀನೇ ತಿಳಿದುಕೋ.

ಒಂದು ಮಧ್ಯಾಹ್ನ ಚೈತ್ರಾ ಡಬ್ಬಿ ತಂದು ನನ್ನ ಪಕ್ಕ ಕೂತಿದ್ದಳು. ಮನಸ್ಸಿನಲ್ಲೇ ಇದ್ದದ್ದನ್ನು ಹೇಳಿಬಿಟ್ಟೆ. "ಮೊದ್ಲನೇ ಸಲ ಬಂದಾಗ ನಿನ್ನ ವಾಪಸ್ ಕಳಿಸ್ಬಾರ್ದಿತ್ತು."

"ಹೌದು ಅಕ್ಕ, ಕಳಿಸ್ಬಾರ್ದಿತ್ತು," ಎಂದಳು. ಹೋಗಲಿ ಬಿಡಿ ಎನ್ನಲಿಲ್ಲ.

"ಆ ನಾಲ್ಕು ತಿಂಗ್ಳು ಏನ್ ಮಾಡ್ಕೊಂಡಿದ್ದೆ? ಎಲ್ಲಿದ್ದೆ?"

ಅವಳು ಮುದ್ದೆ ಮುರಿದು ಸಾರಿಗೆ ಅದ್ದಿದಳು. ಬಾಯಿಗೆ ಇಡಲಿಲ್ಲ.

"ಅದೊಂದ್ ಕೇಳ್ಬೇಡಿ," ಎಂದಳು. "ಊಟ ಮಾಡಿ."

ಊಟ ಮಾಡಿದೆವು. ಆಮೇಲೆ ಎಷ್ಟೋ ಸಲ ಮನೆಗೆ ಬಂದಿದ್ದಾಳೆ, ನೀವೂ ನೋಡಿದ್ದೀರಿ. ಇವತ್ತಿಗೂ ನಾನು ಕೇಳಿಲ್ಲ.